ಹೊಸತೊಡಕಿನ ಬರ್ಗರ್

ಯುಗಾದಿ ಮುಗಿಯಿತು. ಮರುದಿನ ಹೊಸತೊಡಕು. ನಮ್ಮ ಕಡೆ ಹೊಸತೊಡಕು ಅಂದರೆ ಬಾಡೂಟ. ಬೆಳಗಾಗುತ್ತಲೇ ಮನೆ ಮನೆಯಲ್ಲೂ ಮಸಾಲೆ ರುಬ್ಬುವ ಸದ್ದು.

ಚನ್ನಪಟ್ಟಣದ ಹತ್ತಿರ ಒಂದು ಹಳ್ಳಿ. ಅಲ್ಲಿ ಒಬ್ಬ ತಂಗಿ ಇದ್ದಾಳೆ. ರೇಷ್ಮೆ ಹುಳ ಸಾಕುತ್ತಾಳೆ. ಈ ವರ್ಷ ಕಲಿಕಾ ಕೇಂದ್ರಕ್ಕೆ ಸೇರಿದ್ದಾಳೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಅವಳ ಅಕ್ಕ ಬೆಂಗಳೂರಿನಲ್ಲಿ ಒಂದು ಮನೆಯಲ್ಲಿ ಅಡುಗೆ ಕೆಲಸ ಮಾಡುತ್ತಾಳೆ. ಹಬ್ಬಕ್ಕೆ ಬರುವಾಗ ಅಕ್ಕ ಬಸ್ಸಿನಲ್ಲಿ ಒಂದು ಪೆಟ್ಟಿಗೆ ತಂದಳು. ಮುಂದೆ ಗಾಜಿನ ಬಾಗಿಲು. ಪಕ್ಕದಲ್ಲಿ ಮೂರು ತಿರುಗಣೆ.

"ಏನಕ್ಕ ಇದು? ಟೀವಿನಾ?" ಅಂದಳು ತಂಗಿ.

"ಟೀವಿ ಅಲ್ಲ ಕಣೆ, ಓವನ್ನು. ಕೆಲಸದ ಮನೆ ಅಮ್ಮಾವ್ರು ಹೊಸದು ತಗೊಂಡ್ರು. ಹಳೇದು ನನಗೆ ಕೊಟ್ರು."

ಓ-ವ-ನ್. ಓವನ್. ಇದು ಕರೆಂಟಿನ ಒಲೆ. ಬೆಂಕಿ ಕಾಣುವುದಿಲ್ಲ. ಒಳಗೆ ಮೇಲೊಂದು, ಕೆಳಗೊಂದು ಕಂಬಿ ಇರುತ್ತದೆ. ಕರೆಂಟು ಹರಿದಾಗ ಕಂಬಿ ಕೆಂಪಗೆ ಕಾಯುತ್ತದೆ. ಆ ಕಾವಿಗೆ ಪೆಟ್ಟಿಗೆಯೊಳಗಿನ ಗಾಳಿಯೂ ಕಾಯುತ್ತದೆ. ಒಳಗಿಟ್ಟ ಪದಾರ್ಥ ಸುತ್ತಲಿಂದ ಬೇಯುತ್ತದೆ. ಬೇಕರಿಯವರು ಬ್ರೆಡ್ಡು, ಬನ್ನು ಬೇಯಿಸುವುದೂ ಹೀಗೇ. ಅವರ ಗೂಡು ದೊಡ್ಡದು, ಇದು ಚಿಕ್ಕದು.

ತಂಗಿಯ ಮಕ್ಕಳಿಬ್ಬರೂ ಓಡಿ ಬಂದರು. "ದೊಡ್ಡಮ್ಮ, ಇದರಲ್ಲಿ ಬರ್ಗರ್ ಮಾಡಬಹುದಾ?" ಅಂದರು. ಪೇಟೆಯ ಅಂಗಡಿಯ ಮುಂದೆ ಚಿತ್ರ ನೋಡಿದ್ದರು. ಬಾಯಿಗೆ ಬಿದ್ದಿರಲಿಲ್ಲ.

"ಮಾಡಬಹುದು ಕಂದಾ. ಇವತ್ತೇ ಮಾಡಾನ" ಅಂದಳು ಅಕ್ಕ.

ತಂಗಿ ಓವನ್ನಿನ ತಿರುಗಣೆ ನೋಡುತ್ತಿದ್ದಳು. ಒಂದರ ಪಕ್ಕದಲ್ಲಿ ಒಂದು ಕೆಂಪು ಹಣೆಬೊಟ್ಟು ಅಂಟಿತ್ತು.

"ಇದಕ್ಕೂ ಬೊಟ್ಟು ಇಟ್ಟಿದ್ದೀಯಲ್ಲಕ್ಕ! ಪೂಜೆ ಮಾಡಿದ್ಯಾ?"

ಅಕ್ಕ ನಗಲಿಲ್ಲ. "ಬಾರೆ, ಕೂತ್ಕೋ. ಆ ಬೊಟ್ಟಿನ ಕತೆ ಹೇಳ್ತೀನಿ" ಅಂದಳು.

ಅಕ್ಕ ಕೆಲಸಕ್ಕೆ ಸೇರಿದಾಗ ಅವಳಿಗೆ ಓದು ಬರುತ್ತಿರಲಿಲ್ಲ. ಆ ಮನೆಯವರಿಗೆ ಅದು ಗೊತ್ತಿರಲಿಲ್ಲ. ಅಮ್ಮಾವ್ರು ಒಂದು ದಿನ ಕೇಕ್ ಮಾಡಲು ತೋರಿಸಿಕೊಟ್ಟರು. ತಿರುಗಣೆಯನ್ನು ಇಲ್ಲಿಯವರೆಗೆ ತಿರುಗಿಸು ಅಂದರು. ಅಕ್ಕ ಹಣೆಯ ಬೊಟ್ಟು ತೆಗೆದು ಆ ಜಾಗದಲ್ಲಿ ಅಂಟಿಸಿದಳು. ಅಲ್ಲಿ 180 ಅಂತ ಇತ್ತು. ಅಕ್ಕನಿಗೆ ಅದು ಬರೀ ಗೀಟು. ಬೊಟ್ಟಿನ ಗುರುತಿನಿಂದ ಎರಡು ವರ್ಷ ಕೆಲಸ ನಡೆಯಿತು.

ಒಂದು ದಿನ ಅಮ್ಮಾವ್ರು ಆಫೀಸಿಗೆ ಹೊರಟರು. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು. "ಅಕ್ಕಾ, ಮಗುಗೆ ಚಿಕನ್ ಬರ್ಗರ್ ಮಾಡಿಕೊಡಿ. ಎಲ್ಲಾ ಇದರಲ್ಲಿ ಬರೆದಿದ್ದೀನಿ, ಓದ್ಕೊಳ್ಳಿ" ಅಂದರು.

"ಕನ್ನಡಕ ಮರೆತು ಬಂದಿದ್ದೀನಮ್ಮ" ಅಂದಳು ಅಕ್ಕ. ಅವಳ ಹತ್ತಿರ ಕನ್ನಡಕವೇ ಇರಲಿಲ್ಲ!

ಅಮ್ಮಾವ್ರು ಅವಸರದಲ್ಲಿ ಬಾಯಿಮಾತಿನಲ್ಲಿ ಏನೋ ಹೇಳಿ ಹೋದರು. ಅಕ್ಕ ಕೋಳಿ ಕೈಮಾವನ್ನು ವಡೆಯಂತೆ ತಟ್ಟಿದಳು. ತಟ್ಟಿದ್ದು ದಪ್ಪವಾಯಿತು. ಜೋರು ಕಾವಿಟ್ಟರೆ ಬೇಗ ಬೇಯುತ್ತದೆ ಅಂದುಕೊಂಡಳು. ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದಳು. ಮೇಲಿನ ಕಂಬಿ ಮಾತ್ರ ಉರಿಯಿತು. ಹತ್ತು ನಿಮಿಷಕ್ಕೆ ಮೇಲೆ ಕೆಂಪಗಾಯಿತು. ಒಳ್ಳೆ ವಾಸನೆ ಬಂತು. ತೆಗೆದು ಬನ್ನಿನಲ್ಲಿಟ್ಟು ಮಗುವಿಗೆ ಕೊಟ್ಟಳು.

ಮಗು ಅರ್ಧ ತಿಂದು ಬಿಟ್ಟಿತು. ಉಳಿದ ಅರ್ಧ ಎತ್ತುವಾಗ ಅಕ್ಕ ನೋಡಿದಳು. ನಡುವೆ ಕೋಳಿ ಹಸಿಯಾಗಿತ್ತು. ತೆಳು ಗುಲಾಬಿ ಬಣ್ಣ. ಅಂಟು ಅಂಟು.

ಮರುದಿನ ಸಂಜೆ ಮಗುವಿಗೆ ಹೊಟ್ಟೆನೋವು. ರಾತ್ರಿ ವಾಂತಿ, ಭೇದಿ, ಜ್ವರ. ಮಗು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿತು. ಡಾಕ್ಟರು ಏನು ತಿಂದಿತ್ತು ಅಂತ ಕೇಳಿದರು.

"ನಾನು ಎರಡು ದಿನ ಬಾಯಿ ಬಿಡಲಿಲ್ಲ ಕಣೆ" ಅಂದಳು ಅಕ್ಕ. "ಕೆಲಸ ಹೋಗುತ್ತೆ ಅನ್ನೋ ಭಯ. ಆಮೇಲೆ ತಡೆಯೋಕಾಗಲಿಲ್ಲ. ಅಮ್ಮಾವ್ರ ಮುಂದೆ ನಿಂತು ಹೇಳಿಬಿಟ್ಟೆ, ಕೋಳಿ ಬೆಂದಿರಲಿಲ್ಲ, ನನಗೆ ಓದೋಕೆ ಬರಲ್ಲ ಅಂತ."

"ಬೈದ್ರಾ?"

"ಬೈದ್ರು. ಅತ್ತರು. ಆಮೇಲೆ ಮೊದಲೇ ಯಾಕೆ ಹೇಳಲಿಲ್ಲ ಅಂದ್ರು. ಮಗು ಹುಷಾರಾಯಿತು. ನಾನು ಆ ತಿಂಗಳೇ ರಾತ್ರಿ ಕ್ಲಾಸಿಗೆ ಸೇರಿದೆ. ಮೊದಲು ಓದಿದ ಚೀಟಿ ಅದೇ. ಇನ್ನೂ ಇಟ್ಕೊಂಡಿದ್ದೀನಿ."

ಅಕ್ಕ ಚೀಲದಿಂದ ಒಂದು ಮಡಿಸಿದ ಕಾಗದ ತೆಗೆದಳು. ಅದು ಅವಳೇ ನಕಲು ಮಾಡಿದ ಕಾಗದ. ಅಮ್ಮಾವ್ರ ಬ್ರೆಡ್ ಪುಡಿಯ ಬದಲು ನಮ್ಮ ಹುರಿಗಡಲೆ ಪುಡಿ ಬರೆದಿದ್ದಳು.

"ಓದು ನೋಡಾನ" ಅಂದಳು.

ತಂಗಿ ಬೆರಳಿಟ್ಟು ಓದಿದಳು.

ಮೂಳೆ ಇಲ್ಲದ ಕೋಳಿ ಕೈಮಾ – 500 ಗ್ರಾಂ
ಈರುಳ್ಳಿ – 1, ಸಣ್ಣಗೆ ಹೆಚ್ಚಿ ನೀರು ಹಿಂಡಿದ್ದು
ಶುಂಠಿ, ಬೆಳ್ಳುಳ್ಳಿ ಅರೆದದ್ದು – 2 ಚಮಚ
ಹಸಿಮೆಣಸಿನಕಾಯಿ – 2
ಕೊತ್ತಂಬರಿ ಸೊಪ್ಪು – 1 ಹಿಡಿ
ಕಾಳುಮೆಣಸಿನ ಪುಡಿ – ಅರ್ಧ ಚಮಚ
ಉಪ್ಪು – 1 ಚಿಕ್ಕ ಚಮಚ
ಮೊಟ್ಟೆ – 1
ಹುರಿಗಡಲೆ ಪುಡಿ – 4 ದೊಡ್ಡ ಚಮಚ
ಎಣ್ಣೆ – 2 ಚಮಚ
ಬನ್ನು – 6
ಕಾವು – 200 ಡಿಗ್ರಿ, ಎರಡೂ ಕಂಬಿ
ಮೊದಲು ಖಾಲಿ ಓವನ್ – 10 ನಿಮಿಷ
ಒಂದು ಮಗ್ಗುಲು – 15 ನಿಮಿಷ
ಇನ್ನೊಂದು ಮಗ್ಗುಲು – 10 ನಿಮಿಷ

"ಡಿ... ಡಿಗ್ರಿ. ಡಿಗ್ರಿ ಅಂದ್ರೆ ಕಾಲೇಜಿಂದಲ್ವಾ?"

"ಅದೂ ಡಿಗ್ರಿನೇ. ಇದು ಕಾವಿನ ಅಳತೆ. ನೀರು ಕುದಿಯೋದು 100 ಡಿಗ್ರಿಲಿ. ನಮ್ಮ ಮೈ ಕಾವು 37."

"ಸರಿ ಬಿಡು. ಇದು ನಮ್ಮ ಕೈಮಾ ಉಂಡೆ ಥರಾನೇ ಐತಲ್ಲಕ್ಕ!"

"ಅದೇ ಕಣೆ. ಸಾರಿಗೆ ಬಿಡೋ ಬದಲು ಚಪ್ಪಟೆ ತಟ್ಟಿ ಬೇಯಿಸೋದು. ಹೆಸರು ಮಾತ್ರ ದೂರದ್ದು. ಜರ್ಮನಿ ದೇಶದ ಹ್ಯಾಂಬರ್ಗ್ ಅನ್ನೋ ಊರಿಂದ ಬಂದ ಹೆಸರಂತೆ. ಬನ್ನು ನಮ್ಮ ಅಯ್ಯಂಗಾರ್ ಬೇಕರಿದು."

ಜಗಲಿಯ ಮೇಲಿದ್ದ ತಂಗಿಯ ಮಾವ ಕೆಮ್ಮಿದರು. ಅವರು ರೈತ ಸಂಘದ ಹಳೆಯ ಆಳು. ಈಗಲೂ ಹೆಗಲ ಮೇಲೆ ಹಸಿರು ಶಾಲು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆ.ಎಫ್.ಸಿ. ಎಂಬ ಅಮೆರಿಕದ ಕೋಳಿ ಅಂಗಡಿ ತೆರೆಯಿತು. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದನ್ನು ವಿರೋಧಿಸಿತು. 1996ರ ಜನವರಿಯಲ್ಲಿ ಸಂಘದವರು ಆ ಅಂಗಡಿಗೇ ನುಗ್ಗಿದರು. ಮಾವನಿಗೆ ಅದೆಲ್ಲ ನಿನ್ನೆ ಮೊನ್ನೆ ಆದ ಹಾಗಿದೆ.

"ಬರ್ಗರ್ ಗಿರ್ಗರ್ ನನಗೆ ಬೇಡಮ್ಮ" ಅಂದರು. "ನನಗೆ ಮುದ್ದೆ ಸಾರು ಮಾಡು."

"ಆಯ್ತು ಮಾವ, ಸಾರೂ ಐತೆ" ಅಂದಳು ತಂಗಿ.

ಅಕ್ಕ ಮೊದಲು ಓವನ್ನಿನ ಜಾಗ ನೋಡಿದಳು. ಅದರ ಬೆನ್ನಿಗೆ ಒಂದು ತಗಡಿನ ಚೀಟಿ ಇತ್ತು. ಅದರಲ್ಲಿ 1500 ವ್ಯಾಟ್ ಅಂತ ಬರೆದಿತ್ತು. ಇಷ್ಟು ಕರೆಂಟು ಎಳೆಯುವ ಸಾಮಾನನ್ನು ಫೋನಿನ ಚಾರ್ಜರ್ ಹಾಕುವ ಚಿಕ್ಕ ಪ್ಲಗ್ಗಿಗೆ ಹಾಕಬಾರದು. ವೈರು ಕಾದು ಸುಟ್ಟುಹೋಗುತ್ತದೆ. ಮನೆಗೇ ಬೆಂಕಿ ಬೀಳಬಹುದು. ಇದಕ್ಕೆ 16 ಆಂಪಿಯರಿನ ದೊಡ್ಡ ಪ್ಲಗ್ಗು ಬೇಕು. ಪುಣ್ಯಕ್ಕೆ ತಂಗಿಯ ಮನೆಯಲ್ಲಿ ನೀರಿನ ಮೋಟಾರಿಗೆ ಎಲೆಕ್ಟ್ರಿಷಿಯನ್ ಹಾಕಿದ ದೊಡ್ಡ ಪ್ಲಗ್ಗು ಇತ್ತು. ಓವನ್ನನ್ನು ಗೋಡೆಯಿಂದ ಒಂದು ಗೇಣು ದೂರ ಇಟ್ಟರು. ಕಾದಾಗ ಅದರ ಮೈಯೂ ಸುಡುತ್ತದೆ. ಆದ್ದರಿಂದ ಮಕ್ಕಳಿಗೆ ಕೈಗೆಟುಕದ ಮೇಜಿನ ಮೇಲೆ ಇಟ್ಟರು.

ಕೋಳಿ ಅಂಗಡಿಯಲ್ಲಿ ಚರ್ಮ, ಮೂಳೆ ತೆಗೆಸಿ ತಂದಿದ್ದರು. ಅರ್ಧ ಎದೆಯ ಮಾಂಸ, ಅರ್ಧ ತೊಡೆಯದು. ಬರೀ ಎದೆಯದಾದರೆ ಬೆಂದ ಮೇಲೆ ಒಣ ಒಣ. ತಂಗಿ ಪಾತ್ರೆ ಹಿಡಿದು ನಲ್ಲಿಯ ಕಡೆ ಹೊರಟಳು.

"ಎಲ್ಲಿಗೆ?" ಅಂದಳು ಅಕ್ಕ.

"ತೊಳೆಯೋಕೆ. ಹರಿಶಿನ ಹಾಕಿ ತೊಳೆಯದೆ ಹ್ಯಾಗೆ ತಿನ್ನೋದು?"

ಇಲ್ಲಿ ಅಕ್ಕ ತಂಗಿಯರಿಗೆ ಒಂದಿಷ್ಟು ಜಗಳವೇ ಆಯಿತು. ಓದುವ ನಿಮಗೂ ಇದೇ ಪ್ರಶ್ನೆ ಬಂದಿರಬಹುದು. ನಮ್ಮ ಅಮ್ಮ, ಅಜ್ಜಿ ಎಲ್ಲರೂ ತೊಳೆದವರೇ.

ಹಸಿ ಕೋಳಿಯಲ್ಲಿ ಕಣ್ಣಿಗೆ ಕಾಣದ ರೋಗಾಣು ಇರುತ್ತವೆ. ತೊಳೆದರೆ ಅವು ಸಾಯುವುದಿಲ್ಲ. ಹರಿಶಿನಕ್ಕೂ ಸಾಯುತ್ತವೆ ಅಂತ ನಂಬಿ ಕೂರಬಾರದು. ನಲ್ಲಿಯ ಕೆಳಗೆ ತೊಳೆದಾಗ ನೀರು ಸಿಡಿಯುತ್ತದೆ. ಪಕ್ಕದ ಟೊಮೆಟೊ, ಸೌತೆಕಾಯಿ, ಲೋಟದ ಮೇಲೆ ಬೀಳುತ್ತದೆ. ಟೊಮೆಟೊ ನಾವು ಬೇಯಿಸುವುದಿಲ್ಲ, ಹಾಗೇ ತಿನ್ನುತ್ತೇವೆ. ರೋಗಾಣು ಹೊಟ್ಟೆಗೆ ಹೋಗುವುದು ಹೀಗೆ. ರೋಗಾಣು ಸಾಯುವುದು ಬೆಂದಾಗ. ಅದಕ್ಕೇ ಆರೋಗ್ಯದವರು ಕೋಳಿ ತೊಳೆಯಬೇಡಿ ಅನ್ನುತ್ತಾರೆ.

"ನನ್ನ ಮನಸ್ಸು ಒಪ್ಪಲ್ಲಕ್ಕ" ಅಂದಳು ತಂಗಿ.

"ಹಂಗಾದ್ರೆ ಬೋಗುಣಿಲಿ ನೀರು ಹಾಕಿ ಸಿಡಿಯದ ಹಾಗೆ ಮೆಲ್ಲಗೆ ಅದ್ದಿ ತೆಗಿ. ಆ ನೀರನ್ನ ಜೋಪಾನವಾಗಿ ಚೆಲ್ಲು. ಬೋಗುಣಿ, ಕೈ ಎಲ್ಲಾ ಸೋಪಲ್ಲಿ ತೊಳಿ. ತುಂಡಿನ ನೀರು ಪೂರ್ತಿ ಒರೆಸು, ಇಲ್ದಿದ್ರೆ ತಟ್ಟೋಕೆ ಬರಲ್ಲ."

ಮಾಂಸವನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿದರು. ನುಣ್ಣಗೆ ಅರೆದರೆ ಅಂಟಾಗುತ್ತದೆ. ತರಿ ತರಿ ಇರಬೇಕು.

ಕೈಮಾ ಅಂದರೆ ಇನ್ನೂ ಹುಷಾರಾಗಿರಬೇಕು. ಯಾಕೆ ಗೊತ್ತೆ? ಇಡೀ ತುಂಡಿನಲ್ಲಿ ರೋಗಾಣು ಹೆಚ್ಚಾಗಿ ಹೊರಮೈಯಲ್ಲಿ ಇರುತ್ತವೆ. ಅರೆದಾಗ ಹೊರಗಿನದು ಒಳಗೆ ಸೇರುತ್ತದೆ. ಆದ್ದರಿಂದ ಕೈಮಾ ನಡುಮಧ್ಯದವರೆಗೂ ಬೇಯಬೇಕು. ಮಧ್ಯದಲ್ಲಿ 75 ಡಿಗ್ರಿ ಕಾವು ಮುಟ್ಟಬೇಕು. ಮೇಲಿನ ಬಣ್ಣ ನೋಡಿ ಬೆಂದಿದೆ ಅನ್ನಬಾರದು. ಅಕ್ಕ ಮೋಸಹೋದದ್ದು ಅಲ್ಲೇ.

ಎಲ್ಲ ಸೇರಿಸಿ ಕಲಸಿದರು. ಈರುಳ್ಳಿಯ ನೀರನ್ನು ತಂಗಿ ಚೆನ್ನಾಗಿ ಹಿಂಡಿದ್ದಳು. ಹಿಂಡದಿದ್ದರೆ ವಡೆ ಒಡೆಯುತ್ತದೆ. ಆರು ಉಂಡೆ ಕಟ್ಟಿದರು. ಕೈಗೆ ಎಣ್ಣೆ ಹಚ್ಚಿ ಕಿರುಬೆರಳ ದಪ್ಪಕ್ಕೆ ತಟ್ಟಿದರು. ಬನ್ನಿಗಿಂತ ಸ್ವಲ್ಪ ಅಗಲ ತಟ್ಟಬೇಕು, ಬೆಂದಾಗ ಕುಗ್ಗುತ್ತದೆ. ನಡುವೆ ಹೆಬ್ಬೆರಳಿನಲ್ಲಿ ಒಂದು ಗುಳಿ ಒತ್ತಿದರೆ ಉಬ್ಬುವುದಿಲ್ಲ. ಆಮೇಲೆ ಇಬ್ಬರೂ ಸೋಪಿನಲ್ಲಿ ಕೈ ತೊಳೆದರು. ಕೋಳಿ ಹೆಚ್ಚಿದ ಮಣೆ, ಚಾಕು ತೊಳೆದರು. ಅದಾದ ಮೇಲೆಯೇ ಟೊಮೆಟೊ, ಸೌತೆಕಾಯಿ ಮುಟ್ಟಿದರು.

"ಈಗ ನೀನೇ ಇಡು" ಅಂದಳು ಅಕ್ಕ.

ತಂಗಿ ತಿರುಗಣೆ ಹಿಡಿದಳು. 100. 150. ಬೊಟ್ಟು ದಾಟಿತು. 200. ನಿಲ್ಲಿಸಿದಳು. ಎರಡನೇ ತಿರುಗಣೆಯಲ್ಲಿ ಕಂಬಿಯ ಚಿತ್ರ ಇತ್ತು. ಮೇಲೆ ಒಂದು ಗೀಟು, ಕೆಳಗೆ ಒಂದು ಗೀಟು ಇರುವ ಚಿತ್ರಕ್ಕೆ ತಿರುಗಿಸಿದಳು. ಮೂರನೆಯದು ನಿಮಿಷದ್ದು.

ಗಂಟೆ ಹನ್ನೆರಡು. ಖಾಲಿ ಓವನ್ ಹತ್ತು ನಿಮಿಷ ಕಾಯಿತು. 12 ಗಂಟೆ 10 ನಿಮಿಷಕ್ಕೆ ತಟ್ಟೆ ಒಳಗೆ ಹೋಯಿತು. 12.25ಕ್ಕೆ ತಿರುವಬೇಕು. 12.35ಕ್ಕೆ ತೆಗೆಯಬೇಕು. ತಂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಳು.

ಅಕ್ಕ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದಳು. ನೀರು ಇಳಿದಿತ್ತು. ಅದಕ್ಕೆ ಉಪ್ಪು, ಬೆಳ್ಳುಳ್ಳಿ, ಪುದೀನ ಸೇರಿಸಿದಳು. ಅಂಗಡಿಯ ಬರ್ಗರಿಗೆ ಮಯೋನೀಸ್ ಎಂಬ ಬಿಳಿ ಚಟ್ನಿ ಹಚ್ಚುತ್ತಾರೆ. ಕೆಲವು ಕಡೆ ಅದನ್ನು ಹಸಿ ಮೊಟ್ಟೆಯಲ್ಲಿ ಮಾಡುತ್ತಾರೆ. ಹಸಿ ಮೊಟ್ಟೆಯ ಮಯೋನೀಸನ್ನು ತಮಿಳುನಾಡು ಸರ್ಕಾರ 2025ರ ಏಪ್ರಿಲಿನಲ್ಲಿ ಒಂದು ವರ್ಷಕ್ಕೆ ನಿಷೇಧಿಸಿತ್ತು. ನಮಗೆ ಮೊಸರೇ ಸಾಕು, ರುಚಿಗೂ ಕಡಿಮೆಯಿಲ್ಲ.

ಬನ್ನಿನ ಪೊಟ್ಟಣವನ್ನು ತಂಗಿ ಮಕ್ಕಳಿಗೆ ಓದಿ ತೋರಿಸಿದಳು. ಅಕ್ಷರ ಇಂಗ್ಲಿಷಿನಲ್ಲಿದ್ದರೂ ಅಂಕಿ ಓದಬಹುದು. ತಯಾರಾದ ದಿನ, ಅದರ ಕೆಳಗೆ ಯಾವ ದಿನದೊಳಗೆ ತಿನ್ನಬೇಕು ಅನ್ನುವುದು. ಇನ್ನೂ ಎರಡು ದಿನ ಇತ್ತು.

ಅಷ್ಟರಲ್ಲಿ ಓವನ್ನಿನ ಕೆಂಪು ದೀಪ ಆರಿತು. ಫ್ಯಾನು ನಿಂತಿತು. ಕರೆಂಟು ಹೋಯಿತು!

ತಂಗಿ ಗಡಿಯಾರ ನೋಡಿದಳು. 12.22.

"ಬರುತ್ತೆ ಬಿಡಕ್ಕ. ಬಾಗಿಲು ಮುಚ್ಚೇ ಇರಲಿ. ಒಳಗೆ ಕಾವಿರುತ್ತೆ."

"ಎಷ್ಟು ಹೊತ್ತಿಗೆ ಬರುತ್ತೆ?"

"ಯಾವನಿಗೆ ಗೊತ್ತು? ಹಬ್ಬದ ದಿನ ಬೇರೆ."

"ಹಂಗಾದ್ರೆ ಕಾಯಬಾರದು ಕಣೆ. ಅರ್ಧ ಬೆಂದ ಕೋಳಿ ಬೆಚ್ಚಗೆ ಕೂತಿದ್ರೆ ರೋಗಾಣು ಹೆಚ್ಚುತ್ತೆ. ಕಾವಲಿ ತಗೊಂಡು ಬಾ."

ಒಲೆ ಹಚ್ಚಿದರು. ಕಾವಲಿಗೆ ಎಣ್ಣೆ ಸವರಿದರು. ಅಕ್ಕ ದಪ್ಪ ಬಟ್ಟೆ ಹಿಡಿದು ತಟ್ಟೆ ಹೊರಗೆ ಎಳೆದಳು. ಬಟ್ಟೆ ಒಣಗಿರಬೇಕು. ಒದ್ದೆ ಬಟ್ಟೆಯಲ್ಲಿ ಹಿಡಿದರೆ ಕಾವು ತಟ್ಟನೆ ಕೈಗೆ ಏರುತ್ತದೆ. ವಡೆಗಳನ್ನು ಮಗುಚಿ ಕಾವಲಿಯ ಮೇಲಿಟ್ಟು ತಟ್ಟೆ ಮುಚ್ಚಿದರು. ಸಣ್ಣ ಉರಿ. ಒಂದೊಂದು ಮಗ್ಗುಲಿಗೆ ಏಳೆಂಟು ನಿಮಿಷ. ಕಾವಲಿಯಲ್ಲಿ ಮೂರೇ ಹಿಡಿಯಿತು. ಉಳಿದ ಮೂರನ್ನು ದೋಸೆ ಹಂಚಿನಲ್ಲಿ ಪಕ್ಕದ ಒಲೆಗೆ ಹಾಕಿದರು. ಓವನ್ ಇಲ್ಲದ ಮನೆಯಲ್ಲೂ ಹೀಗೇ ಮಾಡಬಹುದು. ಹಸಿಯಿಂದಲೇ ಶುರು ಮಾಡಿದರೆ ಇನ್ನಷ್ಟು ಹೊತ್ತು ಬೇಕು, ಅಷ್ಟೆ.

ಘಮ್ಮೆನ್ನುವ ವಾಸನೆ ಬಂತು. ಬಣ್ಣ ಚೆನ್ನಾಗಿತ್ತು. ಮಕ್ಕಳು ಬನ್ನು ಹಿಡಿದು ನಿಂತರು.

"ಆಯ್ತಲ್ಲ, ತೆಗಿ" ಅಂದಳು ತಂಗಿ.

ಅಕ್ಕ ಎಲ್ಲಕ್ಕಿಂತ ದಪ್ಪಗಿದ್ದ ವಡೆಯನ್ನು ನಡುವೆ ಕತ್ತರಿಸಿದಳು. ತಂಗಿ ಬಗ್ಗಿ ನೋಡಿದಳು. ನಡುವೆ ಒಂದು ಬೆರಳಗಲ ಗುಲಾಬಿ ಬಣ್ಣ. ಒತ್ತಿದರೆ ಮಂದ ನೀರು ಬಂತು.

ತಂಗಿ ಮಾತಾಡದೆ ಮತ್ತೆ ತಟ್ಟೆ ಮುಚ್ಚಿದಳು. ಗೋಡೆಯ ಮೇಲೆ 12.35 ಹೊಡೆದುಹಾಕಿದಳು. 12.45 ಎಂದು ಬರೆದಳು.

ಮಕ್ಕಳು ಅಳುಮುಖ ಮಾಡಿದರು. ಆದರೂ ಕಾದರು. 12.45ಕ್ಕೆ ಇನ್ನೊಂದನ್ನು ಕತ್ತರಿಸಿ ನೋಡಿದರು. ಒಳಗೆಲ್ಲ ಬಿಳಿ. ರಸ ತಿಳಿಯಾಗಿತ್ತು. ಹಬೆ ಏಳುತ್ತಿತ್ತು. ಅಮ್ಮಾವ್ರ ಮನೆಯಲ್ಲಿ ಚುಚ್ಚಿ ನೋಡುವ ಸೂಜಿ ಥರ್ಮಾಮೀಟರ್ ಇದೆ, ಅದು 75 ಡಿಗ್ರಿ ತೋರಿಸಿದರೆ ಅನುಮಾನವೇ ಇಲ್ಲ. ಅದಿಲ್ಲದ ಮನೆಯಲ್ಲಿ ಹೀಗೆ ಕತ್ತರಿಸಿಯೇ ನೋಡಬೇಕು. ಅನುಮಾನ ಬಂದರೆ ಇನ್ನೈದು ನಿಮಿಷ ಇಡಬೇಕು.

ಬನ್ನುಗಳನ್ನು ಸೀಳಿ ಅದೇ ಕಾವಲಿಯಲ್ಲಿ ಬಿಸಿ ಮಾಡಿದರು. ಕೆಳಗೆ ಮೊಸರಿನ ಚಟ್ನಿ. ಮೇಲೆ ಟೊಮೆಟೊ, ಸೌತೆಕಾಯಿ ಬಿಲ್ಲೆ. ಅದರ ಮೇಲೆ ವಡೆ. ಮಕ್ಕಳಿಬ್ಬರಿಗೆ ಎರಡು. ತಂಗಿಯ ಗಂಡನಿಗೆ ಒಂದು. ಕತ್ತರಿಸಿದ ಎರಡು ಅಕ್ಕ ತಂಗಿಗೆ. ಒಂದು ಉಳಿಯಿತು. ತಂಗಿ ಅದನ್ನು ತಟ್ಟೆಯಲ್ಲಿಟ್ಟು ಮಾವನ ಮುಂದೆ ತಳ್ಳಿದಳು.

"ಯಾವ ಕೋಳಿ ಇದು?" ಅಂದರು ಮಾವ.

"ನಮ್ಮೂರ ಅಂಗಡೀದೇ ಮಾವ."

ಮಾವ ಒಂದು ತುತ್ತು ಕಚ್ಚಿದರು. ಅಗಿದರು. "ಕೈಮಾ ಉಂಡೆನೇ ಅಲ್ವೇನಮ್ಮ ಇದು! ಖಾರ ಸಾಲದು" ಅಂದರು. ಆದರೆ ತಟ್ಟೆ ಖಾಲಿಯಾಯಿತು.

ಕರೆಂಟು ಬಂದದ್ದು ಮೂರು ಗಂಟೆಗೆ. ಅಕ್ಕ ಪ್ಲಗ್ಗು ಕಿತ್ತು ಓವನ್ ಒರೆಸಿದಳು. ತಂಗಿ ತಿರುಗಣೆಯ ಪಕ್ಕದ ಬೊಟ್ಟನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು.

"ಇದು ಇನ್ನೂ ಬೇಕಾ ಅಕ್ಕ?"

"ಇರಲಿ ಬಿಡೆ" ಅಂದಳು ಅಕ್ಕ. "ಅದು 180. ಕೇಕಿಗೆ."

ಓದಿ, ಮಾಡಿ

1. ಈ ಪದಗಳನ್ನು ಓದಿ, ಬರೆಯಿರಿ: ಓವನ್, ಡಿಗ್ರಿ, ನಿಮಿಷ, ಕೈಮಾ, ಹುರಿಗಡಲೆ, ತಿರುಗಣೆ, ಪ್ಲಗ್ಗು.

2. ಕರೆಂಟು ಹೋದಾಗ ಅಕ್ಕ ಯಾಕೆ ಕಾಯಲಿಲ್ಲ? ನಿಮ್ಮ ಮಾತಿನಲ್ಲಿ ಹೇಳಿ.

3. 1000 ವ್ಯಾಟಿನ ಸಾಮಾನು ಒಂದು ಗಂಟೆ ನಡೆದರೆ ಒಂದು ಯೂನಿಟ್ ಕರೆಂಟು. 1500 ವ್ಯಾಟಿನ ಓವನ್ 40 ನಿಮಿಷ ಬಿಡದೆ ಉರಿದರೆ ಎಷ್ಟು ಯೂನಿಟ್? ಲೆಕ್ಕ ಮಾಡಿ.

4. ಮನೆಯಲ್ಲಿರುವ ಒಂದು ತಿಂಡಿಯ ಪೊಟ್ಟಣ ಕೇಂದ್ರಕ್ಕೆ ತನ್ನಿ. ತೂಕ, ಬೆಲೆ, ತಯಾರಾದ ದಿನ, ತಿನ್ನಬೇಕಾದ ಕೊನೆಯ ದಿನ ಹುಡುಕಿ ಓದಿ. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ನಿಮ್ಮ ಪೊಟ್ಟಣದಲ್ಲಿ ಯಾವುದಿದೆ?

5. ಅರ್ಧ ಕಿಲೋ ಕೋಳಿ, ಆರು ಬನ್ನು, ಒಂದು ಮೊಟ್ಟೆ. ನಿಮ್ಮ ಊರಿನ ಬೆಲೆ ಬರೆಯಿರಿ. ಕೂಡಿಸಿ. ಆರರಿಂದ ಭಾಗಿಸಿ. ಒಂದು ಬರ್ಗರಿಗೆ ಎಷ್ಟು ಬಿತ್ತು?